ಗುಲಾಬಿಯ ಟೊಂಗೆ ಒಣಗುವ ರೋಗ: ರಾಯಚೂರಿನ ಹಿತ್ತಲಿನಿಂದ

ಸೆಪ್ಟೆಂಬರ್ ಕೊನೆ

ಕೆಂಪು ಗ್ಲಾಡಿಯೇಟರ್ ತಳಿಯ ಗುಲಾಬಿ ಗಿಡದ ಎರಡು ಟೊಂಗೆಗಳು ತುದಿಯಿಂದ ಕಪ್ಪಾಗುತ್ತ ಕೆಳಗಿಳಿಯುತ್ತಿವೆ. ಪಕ್ಕದ ಟೊಂಗೆಯಲ್ಲಿ ಮಾತ್ರ ಎಲೆ ಹಸಿರಾಗಿದೆ, ಮೊಗ್ಗೂ ಇದೆ. ನೀರಿನ ಕೊರತೆಯಾಗಿದ್ದರೆ ಇಡೀ ಗಿಡ ಜೋಲುತ್ತಿತ್ತು. ಕಪ್ಪಿಗೂ ಹಸಿರಿಗೂ ನಡುವೆ ಗೆರೆ ಎಳೆದಂತೆ ಗಡಿ ಕಾಣುತ್ತಿದೆ. ಟೊಂಗೆ ಸವರಿದ ಗಾಯದಿಂದ ಶಿಲೀಂಧ್ರ ಒಳಹೊಕ್ಕಿದೆ ಎಂಬುದೇ ನನ್ನ ತೀರ್ಮಾನ. ಗುಲಾಬಿಯಲ್ಲಿ ಈ ರೋಗ ತರುವುದು ಸಾಮಾನ್ಯವಾಗಿ ಡಿಪ್ಲೋಡಿಯಾ ಎಂಬ ಶಿಲೀಂಧ್ರ.

"ಮಣ್ಣು ಬಿರುಕು ಬಿಟ್ಟಿದೆಯಲ್ಲ, ಇನ್ನೆರಡು ಕೊಡ ನೀರು ಹಾಕಿ" ಎಂದರು ಪಕ್ಕದ ಮನೆಯ ಅಕ್ಕ. ನಮ್ಮ ಎರೆ ಮಣ್ಣನ್ನು ಮೇಲಿನಿಂದ ನೋಡಿ ನಂಬಬಾರದು. ಒಂದು ಗೇಣು ಅಗೆದರೆ ಕೈಗಂಟುವ ಜಿಗಟು ಕೆಸರು. ಅಲ್ಲಿ ಬೇರಿಗೆ ಗಾಳಿಯಿಲ್ಲ. ಬೇರು ಸೊರಗಿದ ಗಿಡಕ್ಕೆ ಗಾಯ ಮಾಯಿಸಿಕೊಳ್ಳುವ ಕಸುವೂ ಇಲ್ಲ. ನೀರು ಹಾಕುವುದನ್ನು ನಿಲ್ಲಿಸಿದ್ದೇನೆ.

ಅಕ್ಟೋಬರ್

ಮಳೆ ಬಿಟ್ಟು ಬಿಸಿಲು ಬಿದ್ದ ಮೇಲೆ ಸಿಕೇಟರ್ (ಟೊಂಗೆ ಕತ್ತರಿಸುವ ಕತ್ತರಿ) ಹಿಡಿದೆ. ಕಪ್ಪು ಮುಗಿದಲ್ಲಿಗೇ ಕತ್ತರಿಸಿದರೆ ಸಾಲದು: ಹೊರಗೆ ಹಸಿರಿದ್ದರೂ ಒಳಗಿನ ತಿರುಳು ಕಂದಾಗಿತ್ತು. ತಿರುಳು ಬೆಳ್ಳಗೆ ಕಾಣುವವರೆಗೆ ಇಳಿಯುತ್ತಲೇ ಹೋಗಬೇಕು. ಒಂದು ಟೊಂಗೆಯಲ್ಲಿ ಬುಡದವರೆಗೂ ಹೋಗಬೇಕಾಯಿತು, ಸಂಕಟವಾಯಿತು. ಹೊರಮುಖದ ಕಣ್ಣಿನ (ಚಿಗುರೊಡೆಯುವ ಗಂಟಿನ) ಮೇಲೆ ಓರೆಯಾಗಿ ಕತ್ತರಿಸಿದೆ. ಪ್ರತಿ ಸಲವೂ ಅಲಗನ್ನು ಸ್ಪಿರಿಟ್‌ನಿಂದ ಒರೆಸಿದೆ. ಕಡ್ಡಿಗಳನ್ನು ಗೊಬ್ಬರದ ಗುಂಡಿಗೆ ಹಾಕದೆ ಸುಟ್ಟೆ.

ಗಾಯಕ್ಕೆ ಬೋರ್ಡೋ ಮುಲಾಮು, ಅಂದರೆ ಶಿಲೀಂಧ್ರ ತಡೆಯುವ ತಾಮ್ರ-ಸುಣ್ಣದ ಲೇಪ. 100 ಗ್ರಾಂ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಟ್ಟ ಸುಣ್ಣವನ್ನು ಇನ್ನರ್ಧ ಲೀಟರ್‌ನಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್‌ಗಳಲ್ಲಿ ಕರಗಿಸಿ, ಸುಣ್ಣ ತಣ್ಣಗಾದ ಮೇಲೆ ಸೇರಿಸಿದೆ. ಕಬ್ಬಿಣದ ಪಾತ್ರೆ ಕೂಡದು. ಹೊಳೆಯುವ ಕಬ್ಬಿಣದ ಚಾಕು ಅದ್ದಿ ನೋಡಿದಾಗ ಅಲಗಿನ ಮೇಲೆ ತಾಮ್ರದ ಕೆಂಪು ಕೂತಿತು, ಅಂದರೆ ಸುಣ್ಣ ಕಡಿಮೆ. ಇನ್ನಷ್ಟು ಸುಣ್ಣದ ತಿಳಿ ಬೆರೆಸಿದ ಮೇಲೆ ಚಾಕು ಹಾಗೆಯೇ ಬಂತು. ಈ ಪರೀಕ್ಷೆಯನ್ನು ಬಿಡಲೇಬಾರದು. ಹುಳಿ ಉಳಿದರೆ ತೊಗಟೆ ಸುಡುತ್ತದೆ. ಮಾಡಿದ ದಿನವೇ ಬ್ರಷ್‌ನಿಂದ ಹಚ್ಚಿ ಮುಗಿಸಿದೆ.

ನವೆಂಬರ್

ಗಿಡದ ಸುತ್ತ ಮರಳು, ಹಳೆಯ ತಿಪ್ಪೆಗೊಬ್ಬರ ಬೆರೆಸಿ ಪಾತಿಯನ್ನು ಎತ್ತರಿಸಿದ್ದೇನೆ. ಬಚ್ಚಲಿನ ನೀರು ಈಗ ನುಗ್ಗೆ ಮರಕ್ಕೆ. ಸವರಿದ ಎರಡು ಟೊಂಗೆಗಳ ಪೈಕಿ ಒಂದರಲ್ಲಿ ತಾಮ್ರಗೆಂಪು ಚಿಗುರು ಬಂದಿದೆ! ಬುಡದವರೆಗೆ ಕತ್ತರಿಸಿದ್ದು ಇನ್ನೂ ಸುಮ್ಮನಿದೆ, ಆದರೆ ಉಗುರಿನಿಂದ ಕೆರೆದರೆ ತೊಗಟೆಯಡಿ ಹಸಿರಿದೆ. ಮೋಡ ಕವಿದು ಮತ್ತೆ ಮಳೆಯಾದರೆ ಲೀಟರ್‌ಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಎಂಬ ಶಿಲೀಂಧ್ರನಾಶಕ ಸಿಂಪಡಿಸುತ್ತೇನೆ. ಅಲ್ಲಿಯವರೆಗೆ ಔಷಧಿ ಬೇಡ, ಬೇರೆ ಗೊಬ್ಬರವೂ ಬೇಡ.