ಮೂರನೇ ನೀಲಗಿರಿ ಮರ

ನನ್ನ ಸ್ಲೈಸ್‌ಗೆ ಈಗ ಮೂರು ವರ್ಷ ವಯಸ್ಸು. ಚೆಂಡು ಜುಂಯ್ ಅಂತ ಏರುತ್ತದೆ. ಇನ್ನೇನು ಚೆನ್ನಾಗಿ ಹೋಯಿತು ಅನ್ನುವಷ್ಟರಲ್ಲಿ ಬಲಕ್ಕೆ ವಾಲಿಕೊಂಡು ಹೋಗಿ ಪೊದೆ ಸೇರುತ್ತದೆ. ಹೊಸದಾಗಿ ಗಾಲ್ಫ್ ಹಿಡಿದ ಬಲಗೈಯವರಲ್ಲಿ ಬಹಳ ಜನಕ್ಕೆ ಇರುವ ಕಾಯಿಲೆ ಇದು. ಔಷಧಿ ಹೇಳದವರೇ ಇಲ್ಲ. ತಲೆ ಎತ್ತಬೇಡ ಅಂತ ಒಬ್ಬರು, ಕ್ಲಬ್ಬಿನ (ಗಾಲ್ಫ್ ಕೋಲಿನ) ಚೆಂಡಿಗೆ ತಾಗುವ ಮುಖ ತೆರೆದುಕೊಳ್ತಿದೆ, ಅಂದರೆ ಬಲಕ್ಕೆ ತಿರುಗ್ತಿದೆ ಅಂತ ಇನ್ನೊಬ್ಬರು. ನಾನು ಮಾತ್ರ ಸುಲಭದ ದಾರಿ ಹಿಡಿದಿದ್ದೆ. ಚೆಂಡು ಬಲಕ್ಕೆ ಹೋಗುತ್ತದೆ ಅಲ್ವಾ, ಹಾಗಾದರೆ ಸ್ವಲ್ಪ ಎಡಕ್ಕೆ ತಿರುಗಿ ನಿಂತರಾಯಿತು. ಅದು ಇನ್ನೂ ಜಾಸ್ತಿ ಬಲಕ್ಕೆ ಹೋಯಿತು.

ಬೆಂಗಳೂರಿನ ಹೊರಗೆ ನಾನು ಅಭ್ಯಾಸಕ್ಕೆ ಹೋಗುವ ರೇಂಜಿನ ಕೊನೆಯಲ್ಲಿ ಐದು ನೀಲಗಿರಿ ಮರಗಳಿವೆ. ಆ ಶನಿವಾರ ಬೆಳಿಗ್ಗೆ ಮಧ್ಯದ ಮೂರನೇ ಮರಕ್ಕೆ ಗುರಿಯಿಟ್ಟು ಸೆವೆನ್ ಐರನ್ ಅನ್ನುವ ಕ್ಲಬ್ಬಿನಲ್ಲಿ ಹೊಡೆಯುತ್ತಿದ್ದೆ. ಚೆಂಡಿನ ಬುಟ್ಟಿ ತಂದುಕೊಡುವ ಅಣ್ಣ ಹಿಂದೆ ನಿಂತು ನೋಡುತ್ತಿದ್ದರು. ಹಿಂದೆ ಹಲವು ವರ್ಷ ಆಟಗಾರರ ಕ್ಲಬ್ ಚೀಲ ಹೊರುವ ಕ್ಯಾಡಿಯಾಗಿದ್ದವರು. ಮಾತು ಕಡಿಮೆ.

"ಏನಾಯ್ತು ಸಾರ್?" ಅಂದರು.

"ನೋಡಿದ್ರಲ್ಲ ಅಣ್ಣ, ಐದನೇ ಮರನೂ ದಾಟಿ ಬಿತ್ತು."

"ಬಿದ್ದಿದ್ದು ಬಿಡಿ. ಎಲ್ಲಿಂದ ಹೊರಟ್ತು?"

ಉತ್ತರ ನನ್ನ ಹತ್ತಿರ ಇರಲಿಲ್ಲ. ಮೂರು ವರ್ಷ ಚೆಂಡು ಬಿದ್ದ ಜಾಗವನ್ನಷ್ಟೇ ನೋಡಿದ್ದೆ, ಹೊರಟ ದಿಕ್ಕನ್ನು ಒಮ್ಮೆಯೂ ನೋಡಿರಲಿಲ್ಲ. ಮುಂದಿನ ಚೆಂಡಿಗೆ ಕಣ್ಣು ಅಲ್ಲೇ ಇಟ್ಟೆ. ಅದು ಹೊರಟಿದ್ದು ಮೊದಲನೇ ಮರದ ಕಡೆಗೆ, ಅಂದರೆ ಗುರಿಯಿಂದ ಎಡಕ್ಕೆ! ಆಮೇಲೆ ಬಾಗಿ ಬಾಗಿ ಬಲಕ್ಕೆ ಬಂತು. ಇನ್ನೊಂದು ಹೊಡೆದೆ, ಅದೇ ಕಥೆ.

"ಹೊರಟ ಕಡೆ ಕ್ಲಬ್ಬಿನ ಮುಖ ಇತ್ತು ಅಂತ ಲೆಕ್ಕ ಸಾರ್. ಬಾಗೋದು ಕೈ ಬೀಸಿದ್ದರಿಂದ," ಅಂದರು.

ನಾನು ಒಪ್ಪಲಿಲ್ಲ. ಹಳೆಯ ಪುಸ್ತಕವೊಂದರಲ್ಲಿ ಇದಕ್ಕೆ ಉಲ್ಟಾ ಓದಿದ್ದೆ: ಕ್ಲಬ್ ಬೀಸಿದ ಕಡೆಗೆ ಚೆಂಡು ಹೊರಡುತ್ತದೆ, ಆಮೇಲೆ ಮುಖ ನೋಡುತ್ತಿದ್ದ ಕಡೆಗೆ ಬಾಗುತ್ತದೆ ಅಂತ. ಬಹಳ ಕಾಲ ಹಾಗೇ ಕಲಿಸುತ್ತಿದ್ದರು. ಟ್ರ್ಯಾಕ್‌ಮ್ಯಾನ್ ತರಹದ ರೇಡಾರ್ ಯಂತ್ರಗಳು ಬಂದು ಅಳೆದ ಮೇಲೆ ಗೊತ್ತಾಯಿತು, ಅಣ್ಣ ಹೇಳಿದ್ದೇ ಸರಿ. ಚೆಂಡು ಹೊರಡುವ ದಿಕ್ಕಿನಲ್ಲಿ ಐರನ್ ಆದರೆ ನೂರಕ್ಕೆ ಸುಮಾರು 75 ಭಾಗ, ದೂರ ಹೊಡೆಯುವ ಕ್ಲಬ್ಬಾದ ಡ್ರೈವರ್ ಆದರೆ ಸುಮಾರು 85 ಭಾಗ ಕ್ಲಬ್ಬಿನ ಮುಖದ್ದೇ ಕೈವಾಡ. ಮುಖ ನೋಡುವ ದಿಕ್ಕು ಮತ್ತು ಕ್ಲಬ್ ಬೀಸಿದ ದಿಕ್ಕು ಬೇರೆ ಬೇರೆ ಆದರೆ ಚೆಂಡಿನ ಹಿಮ್ಮುಖ ತಿರುಗುವಿಕೆ ಓರೆಯಾಗುತ್ತದೆ. ಆಗ ಚೆಂಡು ರೆಕ್ಕೆ ವಾಲಿಸಿದ ವಿಮಾನದ ಹಾಗೆ, ಬೀಸಿದ ದಾರಿಗಿಂತ ಮುಖ ಯಾವ ಕಡೆ ನೋಡುತ್ತಿತ್ತೋ ಆ ಕಡೆಗೆ ಬಾಗುತ್ತದೆ. ಕ್ಲಬ್ಬೂ ಚೆಂಡೂ ತಾಗಿಕೊಂಡಿರುವುದು ಸೆಕೆಂಡಿನ ಸುಮಾರು 2000ದಲ್ಲಿ ಒಂದು ಭಾಗ ಮಾತ್ರ. ಕಣ್ಣಿಗೆ ಎಲ್ಲಿ ಕಂಡೀತು? ಆ ಕ್ಷಣದಲ್ಲಿ ಏನಾಯಿತು ಅನ್ನುವುದಕ್ಕೆ ಸಾಕ್ಷಿ ಚೆಂಡೊಂದೇ.

ಅಂದರೆ ನನ್ನ ಕ್ಲಬ್ಬಿನ ಮುಖ ಗುರಿಗೆ ತೆರೆದುಕೊಂಡೇ ಇರಲಿಲ್ಲ, ಎಡಕ್ಕೇ ನೋಡುತ್ತಿತ್ತು. ಕ್ಲಬ್ ಬೀಸುತ್ತಿದ್ದ ದಾರಿ ಅದಕ್ಕಿಂತಲೂ ಎಡಕ್ಕಿತ್ತು, ಅದಕ್ಕೇ ಚೆಂಡು ಬಲಕ್ಕೆ ಬಾಗುತ್ತಿತ್ತು. ಗಲ್ಲಿ ಕ್ರಿಕೆಟ್ಟಿನಲ್ಲಿ ಎಲ್ಲಾ ಬಾಲನ್ನೂ ಲೆಗ್ ಸೈಡಿಗೇ ಎಳೆದು ಬಾರಿಸಿದ ಕೈ ನೋಡಿ!

ನನ್ನ ಮುಖದಲ್ಲಿದ್ದ ಅನುಮಾನ ಅಣ್ಣನಿಗೆ ಕಂಡಿರಬೇಕು. ವಾದ ಮಾಡಲಿಲ್ಲ. ತಮ್ಮ ಎಡಗಾಲಿನ ಹವಾಯಿ ಚಪ್ಪಲಿ ಬಿಚ್ಚಿ ಚೆಂಡಿನ ಆಚೆ ಬದಿಗೆ, ಒಂದು ಗೇಣು ಹಿಂದಕ್ಕೆ ಇಟ್ಟರು. "ಇದಕ್ಕೆ ತಗುಲ್ದಂಗೆ ಹೊಡೀರಿ."

ಹೊಡೆದೆ. ಚೆಂಡು ಹತ್ತಡಿ ಉರುಳಿತು. ನೀಲಿ ಪಟ್ಟಿಯ ಚಪ್ಪಲಿ ಮಾತ್ರ ಗಾಳಿಯಲ್ಲಿ ಪಲ್ಟಿ ಹೊಡೆಯುತ್ತಾ ಎಡಕ್ಕೆ ಹಾರಿ ಪಕ್ಕದ ಮ್ಯಾಟಿನವರ ಮುಂದೆ ಬಿತ್ತು. "ನೋಡಿ ಸಾರ್, ಚಪ್ಪಲಿ ಹೋದ್ ಕಡೆಗೇ ನಿಮ್ ಕೈ ಹೋಗ್ತಿರೋದು," ಅಂದರು. ಕುಂಟುತ್ತಾ ಹೋಗಿ ತಂದು ಮತ್ತೆ ಅಲ್ಲೇ ಇಟ್ಟರು. ನಾನು ಇನ್ನೊಬ್ಬರ ಚಪ್ಪಲಿಗೆ ಇಷ್ಟು ಹೆದರಿದ್ದು ಅದೇ ಮೊದಲು.

ಹೆದರಿಕೆ ಕೆಲಸ ಮಾಡಿತು. ಕ್ಲಬ್ ಒಳಗಿನಿಂದ, ಅಂದರೆ ನನ್ನ ಮೈ ಕಡೆಯಿಂದ ಬರತೊಡಗಿತು. ಆದರೆ ಮುಖ ಹಳೇ ಚಾಳಿ ಬಿಟ್ಟಿರಲಿಲ್ಲ. ಚೆಂಡು ಎರಡನೇ ಮರದ ಕಡೆ ಹೊರಟು ಇನ್ನೂ ಎಡಕ್ಕೆ ತಿರುಗಿ ನೆಲ ಕಚ್ಚತೊಡಗಿತು. ಇದು ಹುಕ್. ಹೊಸ ರೋಗ ಬಂತಲ್ಲಪ್ಪಾ ಅಂದುಕೊಂಡೆ. ಅಣ್ಣ ಮಾತ್ರ ತಲೆಯಾಡಿಸುತ್ತಿದ್ದರು. ದಾರಿ ಬದಲಾಯಿತು, ಇನ್ನು ಮುಖದ ಸರದಿ ಅಷ್ಟೇ. ಹಿಡಿತದಲ್ಲಿ ಕೈಗಳನ್ನು ಸ್ವಲ್ಪ ಎಡಕ್ಕೆ ತಿರುಗಿಸಿ ಇನ್ನೊಂದು ಹತ್ತು ಹದಿನೈದು ಚೆಂಡು ಹೊಡೆದೆ. ಒಂದು ನಾಲ್ಕನೇ ಮರಕ್ಕೆ ಹೊರಟು ನೂಲು ಹಿಡಿದ ಹಾಗೆ ನಾಲ್ಕನೇ ಮರಕ್ಕೇ ಹೋಯಿತು.

"ಛೇ, ತಪ್ಪಿತು," ಅಂದೆ.

"ಇದೇ ಸಾರ್ ಇವತ್ತಿನ ಒಳ್ಳೇ ಹೊಡೆತ," ಅಂದರು. ಬಾಗಲಿಲ್ಲ ಅಂದರೆ ಮುಖವೂ ದಾರಿಯೂ ಒಂದೇ ಕಡೆ ಇದ್ದವು. ಬರೀ ದಿಕ್ಕು ತಪ್ಪಿತ್ತು.

ಆ ಹುಮ್ಮಸ್ಸಿನಲ್ಲಿ ಡ್ರೈವರ್ ತೆಗೆದೆ. ಚೆಂಡು ನಾಲ್ಕನೇ ಮರದ ಕಡೆ ಹೊರಟು ಚಂದಕ್ಕೆ ಎಡಕ್ಕೆ ಬಾಗಿ ಮೂರನೇ ಮರಕ್ಕೆ ಬಂತು. ನಾನು ಕೂಗಿಯೇಬಿಟ್ಟೆ. ಅಣ್ಣ ಹತ್ತಿರ ಬಂದು ಕ್ಲಬ್ಬಿನ ಮುಖಕ್ಕೆ ಚಾಕ್‌ಪೀಸ್ ಉಜ್ಜಿದರು. "ಇನ್ನೊಂದ್ ಹಂಗೇ ಹೊಡೀರಿ." ಅದೂ ಹಾಗೇ ಬಾಗಿತು. ತಿರುಗಿಸಿ ನೋಡಿದರೆ ಚಾಕ್ ಅಳಿಸಿದ್ದು ಮಧ್ಯದಲ್ಲಲ್ಲ, ಕ್ಲಬ್ಬಿನ ತುತ್ತತುದಿಯಲ್ಲಿ. ಡ್ರೈವರಿನ ತುದಿಗೆ ಚೆಂಡು ಬಡಿದರೆ ಕ್ಲಬ್ಬಿನ ತಲೆ ಬಲಕ್ಕೆ ತಿರುಚಿಕೊಳ್ಳುತ್ತದೆ, ಚೆಂಡಿಗೆ ಎಡಕ್ಕೆ ಬಾಗುವ ಸುತ್ತು ಸಿಗುತ್ತದೆ. ಅಷ್ಟು ಹೊತ್ತು ನಾನು ಕುಣಿದಿದ್ದು ತುದಿಗೆ ಬಡಿದು ಪುಕ್ಕಟೆ ಸಿಕ್ಕ ತಿರುವಿಗೆ! ಚೆಂಡು ದೂರವೂ ಹೋಗಿರಲಿಲ್ಲ, ನಾನು ನೋಡಿರಲಿಲ್ಲ ಅಷ್ಟೇ.

ಬಿಸಿಲು ಏರಿತ್ತು. ಬುಟ್ಟಿಯಲ್ಲಿ ಒಂದೇ ಚೆಂಡು ಉಳಿದಿತ್ತು. ಅಣ್ಣ ಚಪ್ಪಲಿ ಮೆಟ್ಟಿಕೊಂಡು ಖಾಲಿ ಬುಟ್ಟಿಗಳನ್ನು ಒಂದರೊಳಗೊಂದು ಜೋಡಿಸುತ್ತಿದ್ದರು. ಸೆವೆನ್ ಐರನ್‌ನಲ್ಲಿ ಹೊಡೆದೆ. ಮತ್ತೆ ಬಲಕ್ಕೇ ಬಾಗಿತು. ಮೊದಲಿನಷ್ಟಲ್ಲ.

"ಎಲ್ಲಿಂದ?" ಅಂತ ಅಲ್ಲಿಂದಲೇ ಕೇಳಿದರು, ತಲೆ ಎತ್ತದೆ.

"ಎರಡನೇ ಮರ."

"ಹ್ಞೂಂ," ಅಂದು ಬುಟ್ಟಿ ಹೊತ್ತುಕೊಂಡು ಹೋದರು.