4.2 ಎಂದು ಬರೆದಿತ್ತು

ಅಪ್ಪನಿಗೆ ಟೇಸ್ ಆಗಿ ಐದು ವಾರಕ್ಕೆ ಮತ್ತೆ ಸಿಟಿ ಸ್ಕ್ಯಾನ್ ಇತ್ತು. ಲಿವರಿನ ಗಡ್ಡೆಗೆ ರಕ್ತ ಕೊಡುವ ನಾಳದೊಳಗೇ ಸಣ್ಣ ಕೊಳವೆ ತೂರಿಸಿ, ಅಲ್ಲೇ ಕೀಮೋ ಔಷಧಿ ಬಿಟ್ಟು, ಆಮೇಲೆ ಆ ನಾಳವನ್ನು ಮುಚ್ಚಿಬಿಡುವ ಚಿಕಿತ್ಸೆ ಅದು. ಹಾಸನದಿಂದ ಬೆಳಗಿನ ಜಾವದ ಬಸ್ಸಿಗೆ ಹೊರಟು ಬೆಂಗಳೂರಿಗೆ ಬಂದೆವು. ಅಪ್ಪ ಖಾಲಿ ಹೊಟ್ಟೆಯಲ್ಲಿದ್ದರು. ಮೊದಲು ಕಿಡ್ನಿ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿದರು, ರಕ್ತ ಹರಿಯುವ ಜಾಗ ಸ್ಕ್ಯಾನಿನಲ್ಲಿ ಬೆಳ್ಳಗೆ ಕಾಣಲೆಂದು ಬಿಡುವ ಕಾಂಟ್ರಾಸ್ಟ್ ಔಷಧಿಯನ್ನು ಕಿಡ್ನಿ ತಾಳಿಕೊಳ್ಳಬೇಕಲ್ವಾ. ಸ್ಕ್ಯಾನ್ ಮುಗಿಸಿ ಬಂದವರೇ "ಸೂಜಿಯಲ್ಲಿ ಔಷಧಿ ಬಿಟ್ಟಾಗ ಮೈಯೆಲ್ಲಾ ಬಿಸಿ ಆಯ್ತು ಕಣಮ್ಮ" ಅಂದರು.

ಸಂಜೆ ಕೌಂಟರಿನಲ್ಲಿ ರಿಪೋರ್ಟ್ ಕೈಗಿಟ್ಟರು. ಡಾಕ್ಟರ್ ನೋಡುವುದಕ್ಕೆ ಇನ್ನೂ ಒಂದೂವರೆ ಗಂಟೆ ಇತ್ತು. ತಡೆಯಲಾಗದೆ ಬಿಚ್ಚಿ ಓದಿದೆ. ಹಿಂದಿನ ಸಲ 4 ಸೆಂಟಿಮೀಟರ್ ಇದ್ದ ಗಡ್ಡೆ ಈಗ 4.2. ಎದೆ ಧಸಕ್ಕೆಂದಿತು. "ಏನಂತೆ?" ಅಂತ ಅಪ್ಪ ಕೇಳಿದರೆ "ಡಾಕ್ಟರ್ ಹೇಳ್ತಾರೆ, ತಾಳಪ್ಪ" ಅಂದೆ. ಆ ಒಂದೂವರೆ ಗಂಟೆ ಯಾವ ಮನೆಯವರಿಗೂ ಬರಬಾರದು. ಒಂದು ಮಾತು ಹೇಳುವವರು ಯಾರಾದರೂ ಅಲ್ಲಿ ಇರಬೇಕಿತ್ತು.

ಡಾಕ್ಟರ್ ಸೆಂಟಿಮೀಟರ್ ಕಡೆ ನೋಡಲೇ ಇಲ್ಲ. ಹಳೆಯ ಸ್ಕ್ಯಾನ್, ಹೊಸ ಸ್ಕ್ಯಾನ್ ಎರಡನ್ನೂ ಪಕ್ಕಪಕ್ಕ ತೆರೆದರು. ಲಿವರಿಗೆ ಮುಕ್ಕಾಲು ಪಾಲು ರಕ್ತ ಬರುವುದು ಕರುಳಿನ ಕಡೆಯ ದೊಡ್ಡ ರಕ್ತನಾಳದಿಂದ, ಆದರೆ ಈ ಗಡ್ಡೆ ಬದುಕುವುದು ಹೆಚ್ಚಾಗಿ ಅಪಧಮನಿಯ, ಅಂದರೆ ಹೃದಯದ ಕಡೆಯಿಂದ ನೇರವಾಗಿ ಬರುವ ನಾಳದ ರಕ್ತದಲ್ಲಿ. ಅದಕ್ಕೇ ಕಾಂಟ್ರಾಸ್ಟ್ ಬಿಟ್ಟು ಸುಮಾರು 30 ಸೆಕೆಂಡಿಗೆ ತೆಗೆದ ಹಳೆಯ ಚಿತ್ರದಲ್ಲಿ ಗಡ್ಡೆ ಬೆಳ್ಳಗೆ ಹೊಳೆಯುತ್ತಿತ್ತು, ಕೆಲವು ನಿಮಿಷ ಬಿಟ್ಟು ತೆಗೆದದ್ದರಲ್ಲಿ ಸುತ್ತಲಿನ ಲಿವರಿಗಿಂತ ಕಪ್ಪಾಗಿತ್ತು. ಹೊಸ ಚಿತ್ರದಲ್ಲಿ ಆ ಹೊಳಪು ಹೆಚ್ಚು ಕಡಿಮೆ ಹೋಗಿತ್ತು. ರಕ್ತ ಹೋಗುತ್ತಿಲ್ಲ ಎಂದರೆ ಆ ಭಾಗ ಸತ್ತಿದೆ ಎಂದರ್ಥವಂತೆ. ಸತ್ತ ಗಡ್ಡೆ ಕುಗ್ಗುವುದಕ್ಕೆ ತಿಂಗಳುಗಳೇ ಬೇಕು, ಮೊದಮೊದಲು ಸ್ವಲ್ಪ ಊದಿಕೊಂಡಂತೆಯೂ ಕಾಣಬಹುದು.

"ಇಲ್ಲೂ ಬೆಳ್ಳಗಿದೆಯಲ್ಲ ಸರ್?" ಎಂದು ಕೇಳಿದೆ. "ಅದು ಲಿಪಿಯೊಡಾಲ್, ಟೇಸ್ ಮಾಡಿದಾಗ ಕೀಮೋ ಔಷಧಿ ಜೊತೆ ನಾವೇ ಬಿಟ್ಟ ಎಣ್ಣೆ. ಕಾಂಟ್ರಾಸ್ಟ್ ಕೊಡುವ ಮೊದಲು ತೆಗೆದ ಚಿತ್ರದಲ್ಲೂ ಹಾಗೇ ಇದೆ ನೋಡಿ" ಎಂದು ತೋರಿಸಿದರು. ಆಮೇಲೆ ಗಡ್ಡೆಯ ಅಂಚಿನಲ್ಲಿ ಉಗುರಿನ ಚೂರಿನಷ್ಟು ಹೊಳಪು. ಅದೇ ಉಳಿದದ್ದು, 1 ಸೆಂಟಿಮೀಟರ್. ಎಂ-ರೆಸಿಸ್ಟ್ ಅಂತ 2010ರಲ್ಲಿ ಬಂದ ಅಳತೆಯಿದೆ, ಅದರಲ್ಲಿ ಹೊಳೆಯುವ ಭಾಗವನ್ನಷ್ಟೇ ಅಳೆಯುತ್ತಾರೆ. 30 ಪರ್ಸೆಂಟ್ ಇಳಿದರೂ ಚಿಕಿತ್ಸೆ ಕೆಲಸ ಮಾಡಿದ ಲೆಕ್ಕ. ಅಪ್ಪನದು 4ರಿಂದ 1ಕ್ಕೆ ಇಳಿದಿತ್ತು! ಕಣ್ಣು ತುಂಬಿ ಬಂತು. ರಿಪೋರ್ಟಿನ ಮೂರನೇ ಸಾಲಿನಲ್ಲಿ ಇದನ್ನೇ ಬರೆದಿದ್ದರು, 4.2 ನೋಡಿದ ಮೇಲೆ ನಾನು ಮುಂದಕ್ಕೆ ಓದಿರಲಿಲ್ಲ.

ಅಪ್ಪ ಕುರ್ಚಿ ಮುಂದಕ್ಕೆ ಎಳೆದುಕೊಂಡು ಆ ಬಿಳಿ ಚೂರಿನ ಮೇಲೆ ಬೆರಳಿಟ್ಟರು.

"ಇಷ್ಟೇನಾ ಸ್ವಾಮಿ ಉಳಿದಿರೋದು?"

"ಇಷ್ಟೇ. ಇದಕ್ಕೆ ಇನ್ನೊಂದು ಸಲ ಟೇಸ್ ಮಾಡೋಣ."

"ಯಾವತ್ತು ಬರಲಿ?" ಎಂದರು ಅಪ್ಪ.