ಹನ್ನೊಂದು ಸೆಂಟಿಮೀಟರ್ ಬಾಂಗಡಾ

ಗಣಪತಿ ಕಳಿಸಿದ ಮೇಲಿನ ಮೊದಲ ಭಾನುವಾರ ಬೆಳಗಾವಿಯ ಮೀನು ಮಾರ್ಕೆಟ್ ಹೇಗಿರುತ್ತೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಶ್ರಾವಣದಿಂದ ಬಾಯಿ ಕಟ್ಟಿಕೊಂಡಿದ್ದ ಮನೆಗಳೆಲ್ಲ ಒಮ್ಮೆಲೇ ಚೀಲ ಹಿಡಿದು ಬಂದಿರುತ್ತವೆ. ನಾನೂ ಹೋಗಿದ್ದೆ.

ನಾನು ಯಾವಾಗಲೂ ತಗೊಳ್ಳೋದು ಒಬ್ಬ ಮಾವಶಿಯ ಹತ್ತಿರ. ತೂಕದಲ್ಲಿ ಮೋಸ ಇಲ್ಲ. ಮಾಲು ಹಳೇದಾಗಿದ್ದರೆ ಇವತ್ತು ಬ್ಯಾಡ ಅಂತ ಅವರೇ ಹೇಳಿ ಕಳಿಸುತ್ತಾರೆ. ಅವತ್ತು ಬುಟ್ಟಿ ತುಂಬ ಬಾಂಗಡಾ. ಬೆನ್ನು ನೀಲಿ ಹಸಿರು ಮಿಂಚುತ್ತಿತ್ತು, ಕಣ್ಣು ತಿಳಿಯಾಗಿತ್ತು. ಆದರೆ ಒಂದೊಂದೂ ನನ್ನ ನಡುಬೆರಳಿಗಿಂತ ಸ್ವಲ್ಪ ಉದ್ದ, ಅಷ್ಟೇ.

"ಮಾವಶಿ, ಇಷ್ಟ ಸಣ್ಣವು ಯಾಕ ತಂದ್ರಿ?" ಅಂದೆ.

ಅವರು ತಲೆ ಎತ್ತಲಿಲ್ಲ. ಐಸು ಸರಿಸುತ್ತಲೇ ಅಂದರು, "ದೊಡ್ಡವಾಗಾಕ ಯಾರ ಬಿಡ್ತಾರ, ತಮ್ಮಾ?"

ಮಾತು ಅಷ್ಟೇ. ನಾನು ಒಂದು ಕಿಲೋ ತಗೊಂಡೆ. ಪಕ್ಕದಲ್ಲಿ ಒಬ್ಬರು ಬೇಬಿ ಸುರಮಯಿ ನಾಲ್ಕು ಕಿಲೋ ಕಟ್ಟಿಸುತ್ತಿದ್ದರು. ಬೇಬಿ ಅಂದರೆ ಮೆತ್ತಗಿರುತ್ತೆ, ರುಚಿ ಜಾಸ್ತಿ ಅಂತ ಜೊತೆಗಿದ್ದವರಿಗೆ ವಿವರಿಸುತ್ತಿದ್ದರು. ನನಗೆ ಅವರ ಮೇಲೆ ಸಿಟ್ಟು ಬಂತು, ಈಗಲೂ ಇದೆ. ಸುರಮಯಿ ಮೊಟ್ಟೆ ಇಡೋ ವಯಸ್ಸಿಗೆ ಬರೋ ಹೊತ್ತಿಗೆ ಹೆಚ್ಚುಕಡಿಮೆ ಎರಡು ಅಡಿ ಬೆಳೆದಿರುತ್ತೆ. ಅವರ ಚೀಲದಲ್ಲಿದ್ದವು ಒಂದು ಗೇಣೂ ಇರಲಿಲ್ಲ.

ಮನೆಗೆ ಬಂದು ಮೀನು ತೊಳೆಯುವಾಗಲೂ ಅದೇ ಮಾತು. ದೊಡ್ಡವಾಗಾಕ ಯಾರ ಬಿಡ್ತಾರ? ಮಗಳಿಗೆ ಹೇಳಿದೆ. ಅವಳು ಕಂಪಾಸ್ ಬಾಕ್ಸಿನಿಂದ ಪಟ್ಟಿ ತಂದು, ಒಂದು ಮೀನನ್ನು ಕಟ್ಟೆಯ ಮೇಲೆ ಮಲಗಿಸಿ ಅಳೆದಳು. ಮೂತಿಯಿಂದ ಬಾಲದ ತುದಿಯವರೆಗೆ 11 ಸೆಂಟಿಮೀಟರ್. ಇನ್ನೊಂದು 12. ಮತ್ತೊಂದು 11. ಕೇರಳದಲ್ಲಿ 2015ರಿಂದ 14 ಸೆಂಟಿಮೀಟರಿಗಿಂತ ಸಣ್ಣ ಬಾಂಗಡಾ ಹಿಡಿಯುವ ಹಾಗಿಲ್ಲ. ತಾರ್ಲಿಗೆ, ಅಂದರೆ ಬೂತಾಯಿ ಮೀನಿಗೆ, 10. ಅಳೆದ ಒಂದು ಡಜನ್ನಿನಲ್ಲಿ 14 ಮುಟ್ಟಿದ್ದು ಒಂದೂ ಇರಲಿಲ್ಲ.

ನನ್ನನ್ನು ಕಾಡಿದ್ದು ಇದು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಟ್ರಾಲ್ ಬೋಟುಗಳು ದಡದಲ್ಲೇ ಇರಬೇಕು. ಮೀನು ಮೊಟ್ಟೆ ಇಡೋ ಕಾಲ ಅದು. ನಮ್ಮ ಹೊಲದಲ್ಲಿ ಬಿತ್ತನೆ ನಡೆಯುವ ಹೊತ್ತಿಗೇ ಸಮುದ್ರದಲ್ಲೂ ಬಿತ್ತನೆ. ಬೋಟಿನವರು ಎರಡು ತಿಂಗಳು ದುಡಿಮೆ ಬಿಟ್ಟು ಕೂತಿದ್ದಾರೆ, ಸಾಲ ಮಾಡಿ ಮನೆ ನಡೆಸಿದ್ದಾರೆ. ಆಗ ಹುಟ್ಟಿದ ಮರಿಗಳೇ ಈಗ ಬೆರಳುದ್ದ ಆಗಿರೋದು. ಹುಟ್ಟುವವರೆಗೆ ಕಾದು, ಬೆಳೆಯುವ ಮೊದಲೇ ಬಾಚಿಕೊಂಡರೆ ಕಾದದ್ದು ಯಾತಕ್ಕೆ? ಅಪ್ಪ ಮೂಲೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದವರು, "ಬಿತ್ತಿದ ಜ್ವಾಳಾ ಮೊಣಕಾಲಿಗಿ ಬರೂದ್ರಾಗ ದನಾ ಬಿಟ್ಟಂಗಾತು" ಅಂದರು.

ಎರಡು ವರ್ಷದ ಹಿಂದೆ ಕಾರವಾರದ ಬಂದರಿನಲ್ಲಿ ಒಂದು ಬೆಳಗ್ಗೆ ಕಳೆದಿದ್ದೆ. ಟ್ರಾಲ್ ಬಲೆ ಒಂದು ಉದ್ದನೆಯ ಚೀಲ. ಬಾಯಿಯ ಎರಡೂ ಕಡೆ ಭಾರದ ಹಲಗೆ ಇರುತ್ತವೆ. ಬೋಟು ಎಳೆದ ಹಾಗೆ ಅವು ಅತ್ತಿತ್ತ ಸರಿದು ಬಾಯಿ ಅಗಲಿಸುತ್ತವೆ. ಬಲೆಯ ಕಣ್ಣು ಶಂಕರಪೋಳಿ ಆಕಾರದ್ದಾದರೆ, ಎಳೆತಕ್ಕೆ ಕಣ್ಣು ಮುಚ್ಚಿಕೊಂಡು ಮರಿಗೂ ದಾರಿ ಇಲ್ಲ. ಚೌಕ ಕಣ್ಣಾದರೆ ಎಳೆದರೂ ತೆರೆದೇ ಇರುತ್ತೆ. ಅದಕ್ಕೇ ಬಲೆಯ ಹಿಂತುದಿಯಲ್ಲಿ ಮೀನು ತುಂಬಿಕೊಳ್ಳುವ ಭಾಗಕ್ಕೆ 35 ಮಿಲಿಮೀಟರಿನ ಚೌಕ ಕಣ್ಣು ಅಂತ ನಿಯಮ ಮಾಡಿದ್ದು. ಆ ಬೆಳಗ್ಗೆ ಸಿಗಡಿ, ಬೊಂಡಾಸ್ (ಸ್ಕ್ವಿಡ್) ಎಲ್ಲ ಆರಿಸಿ ಬುಟ್ಟಿಗೆ ಹಾಕಿದ ಮೇಲೆ ಒಂದು ರಾಶಿ ಉಳಿದಿತ್ತು. ಉಗುರಿನಷ್ಟು ಏಡಿ, ಎಲೆಯಷ್ಟು ಚಪ್ಪಟೆ ಲೇಪೊ ಮೀನು, ಹೆಸರು ಹಚ್ಚಲಾಗದ ಮರಿಗಳು. ಅದನ್ನು ಸಲಿಕೆಯಿಂದ ಲಾರಿಗೆ ತುಂಬಿದರು. ಫಿಶ್ ಮೀಲ್ ಕಾರ್ಖಾನೆಗೆ ಹೋಗಿ ಪುಡಿಯಾಗಿ ಸಿಗಡಿಗೆ, ಕೋಳಿಗೆ ಮೇವಾಗುತ್ತೆ. ಸಲಿಕೆ ನೆಲಕ್ಕೆ ತಾಗಿದ ಸದ್ದು ಈ ವಾರ ಮತ್ತೆ ಕೇಳಿಸಿತು.

ಊಟಕ್ಕೆ ಬಂದಿದ್ದ ಅಕ್ಕನ ಗಂಡ ಮಾಮಾ ನಕ್ಕರು. "ಸಮುದ್ರ ಏನ ಕೆರಿ ಐತೇನೋ, ಬತ್ತಾಕ?" ಅಂದರು. ಒಳ್ಳೆಯ ಮನುಷ್ಯ. ಆದರೆ ಗೊತ್ತಿಲ್ಲದ ವಿಷಯದಲ್ಲೇ ದನಿ ಏರಿಸಿ ಮಾತಾಡುತ್ತಾರೆ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಶತಮಾನಗಳ ಕಾಲ ಕಾಡ್ ಮೀನು ಹಿಡಿದವರೂ ಹಾಗೇ ಅಂದುಕೊಂಡಿದ್ದರು. ದೊಡ್ಡ ಟ್ರಾಲರುಗಳು ಬಂದು ಬಾಚಿದ ಮೇಲೆ, 1992ರಲ್ಲಿ ಸರ್ಕಾರವೇ ಮೀನುಗಾರಿಕೆ ನಿಲ್ಲಿಸಬೇಕಾಯಿತು. ಸುಮಾರು 30,000 ಜನರ ಕೆಲಸ ಹೋಯಿತು. ಎರಡು ವರ್ಷಕ್ಕೆ ಅಂತ ಹಾಕಿದ ನಿಷೇಧ ತೆಗೆದದ್ದು 2024ರಲ್ಲಿ. ಅಷ್ಟು ದೂರ ಯಾಕೆ? ಕೇರಳದಲ್ಲಿ 2012ರಲ್ಲಿ 4 ಲಕ್ಷ ಟನ್ ಹತ್ತಿರ ಸಿಕ್ಕ ತಾರ್ಲಿ, 2021ರಲ್ಲಿ 4,000 ಟನ್ನೂ ಸಿಗಲಿಲ್ಲ. ಸಮುದ್ರದ ವಾತಾವರಣ ಬದಲಾಗಿದ್ದೂ ಅದಕ್ಕೆ ಕಾರಣ, ನಿಜ. ಅಂಥ ಕಾಲದಲ್ಲೇ ಮರಿಗಳನ್ನು ಬಿಡಬೇಕು, ಅಲ್ವಾ? ಮಾಮಾ ಎರಡನೇ ಸಲ ಸಾರು ಹಾಕಿಸಿಕೊಂಡರು. ಉತ್ತರ ಕೊಡಲಿಲ್ಲ.

ಬೋಟಿನವರನ್ನಷ್ಟೇ ಬಯ್ಯಲು ನನಗೆ ಮನಸ್ಸಿಲ್ಲ. ಡೀಸೆಲ್, ಐಸು, ಖಲಾಸಿಗಳ ಪಾಲು, ಬ್ಯಾಂಕಿನ ಕಂತು, ಇಷ್ಟೆಲ್ಲ ಹೊತ್ತು ಸಮುದ್ರಕ್ಕೆ ಹೋದವನು ಖಾಲಿ ಕೈಯಲ್ಲಿ ಬರಲಾರ. ಬೆರಳುದ್ದದ ಮೀನಿಗೂ ಗಿರಾಕಿ ಇದ್ದಾರೆ ಅಂತ ಅವನಿಗೆ ಗೊತ್ತು. ಆ ಗಿರಾಕಿ ಘಟ್ಟದ ಮೇಲಿನ ಬೆಳಗಾವಿಯಲ್ಲಿದ್ದಾನೆ. ಅವತ್ತು ಒಂದು ಕಿಲೋ ಕಟ್ಟಿಸಿಕೊಂಡವನು ನಾನೇ.

ಬುಧವಾರ ಮತ್ತೆ ಹೋದೆ. "ಮಾವಶಿ, ಇನ್ನ ಮ್ಯಾಲೆ ನನಗ ಸಣ್ಣವು ಬ್ಯಾಡ್ರಿ. ಗೇಣುದ್ದ ಇದ್ರ ಅಷ್ಟ ಕೊಡ್ರಿ, ರೇಟ್ ಜಾಸ್ತಿ ಆದ್ರೂ ಅಡ್ಡಿ ಇಲ್ಲ" ಅಂದೆ. ಅವರು ಈ ಸಲ ತಲೆ ಎತ್ತಿ ನೋಡಿದರು.

"ನೀ ಒಬ್ಬಾವ ಒಲ್ಲೆ ಅಂದ್ರ ನಾ ಬುಟ್ಟಿ ಹೆಂಗ ಖಾಲಿ ಮಾಡ್ಲಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ವಲ್ಪ ಹೊತ್ತು ನಿಂತೆ. ಅವರೇ ಒದ್ದೆ ಕೈ ಸೀರೆಗೆ ಒರೆಸಿಕೊಂಡು ಮೊಬೈಲ್ ತೆಗೆದರು. "ನಂಬರ್ ಹೇಳು. ದೊಡ್ಡವು ಬಂದ ದಿನಾ ಫೋನ್ ಹಚ್ತೀನಿ" ಅಂದರು.

ಇವತ್ತು ಶುಕ್ರವಾರ. ಇನ್ನೂ ಬಂದಿಲ್ಲ.